ಮನೆಯಲ್ಲಿ ಕಟ್ಟುವ ಲೋಹದ ವಿಮಾನ: ಗ್ರಾಂ ಉಳಿಸುವ ಲೆಕ್ಕ

ಫ್ರಾನ್ಸಿನ ಮಿಶೆಲ್ ಕೊಲೊಂಬಾ ಎಂಬ ಎಂಜಿನಿಯರು ತನ್ನ ಬಿಡುವಿನ ವೇಳೆಯಲ್ಲಿ ಕಟ್ಟಿದ ‘ಕ್ರಿ-ಕ್ರಿ’ ಎಂಬ ಪುಟ್ಟ ವಿಮಾನ 1973ರ ಜುಲೈ 19ರಂದು ಮೊದಲ ಬಾರಿಗೆ ಹಾರಿತು. ಅಲ್ಯೂಮಿನಿಯಂ ತಗಡಿನ ಈ ವಿಮಾನದಲ್ಲಿ ಒಬ್ಬನಿಗೆ ಮಾತ್ರ ಜಾಗ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 4.9 ಮೀಟರ್. ಮೂತಿಯ ಎರಡು ಪಕ್ಕಗಳಲ್ಲಿ ಚಾಚಿದ ತೋಳುಗಳ ಮೇಲೆ ಎರಡು ಪುಟಾಣಿ ಎಂಜಿನ್‌ಗಳು. ಅನಂತರ ಬಂದ ಎಂಸಿ-15 ಮಾದರಿಯಲ್ಲಿ ಒಂದೊಂದು ಎಂಜಿನ್ನಿನ ಸಾಮರ್ಥ್ಯ 15 ಅಶ್ವಶಕ್ತಿ. ವಿಮಾನದ ಖಾಲಿ ತೂಕ ಸುಮಾರು 78 ಕಿಲೋಗ್ರಾಂ. ಚಾಲಕ, ಇಂಧನ ಎಲ್ಲ ಸೇರಿ ಮೇಲೇರಬಹುದಾದ ಗರಿಷ್ಠ ತೂಕ 170 ಕಿಲೋಗ್ರಾಂ. ನಮ್ಮ ರಸ್ತೆಗಳಲ್ಲಿ ಓಡುವ ಸಾಧಾರಣ ಮೋಟಾರ್ ಬೈಕೂ ಇದಕ್ಕಿಂತ ಹೆಚ್ಚು ತೂಗುತ್ತದೆ. ಆದರೂ ಕ್ರಿ-ಕ್ರಿ ಆಟಿಕೆಯಲ್ಲ. ಆಕಾಶದಲ್ಲಿ ಲಾಗ ಹಾಕುವಷ್ಟು ಗಟ್ಟಿಮುಟ್ಟಾದ ವಿಮಾನ.

ಇಷ್ಟು ಹಗುರವಾದದ್ದು ಇಷ್ಟು ಗಟ್ಟಿಯಾಗಿರುವುದು ಹೇಗೆ? ‘ಹಗುರವಾದ ಲೋಹ ಬಳಸಿದ್ದರಿಂದ’ ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಲೋಹದ ಆಕಾರದಲ್ಲಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. (ಈ ಲೇಖನದಲ್ಲಿ ತೂಕವನ್ನು ಕಿಲೋಗ್ರಾಂಗಳಲ್ಲಿ ಹೇಳುತ್ತಿದ್ದೇನೆ. ಅದು ದ್ರವ್ಯರಾಶಿಯ ಮಾನವಲ್ಲವೇ ಎಂದು ಯಾವ ವಿದ್ಯಾರ್ಥಿಯಾದರೂ ತಿದ್ದಿದರೆ ಅವರ ಮಾತೇ ಸರಿ. ತಕ್ಕಡಿಯ ಭಾಷೆ ರೂಢಿಯಲ್ಲಿರುವುದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ.)

ಹವ್ಯಾಸಿಗಳು ಕೈಯಾರೆ ವಿಮಾನ ಕಟ್ಟುವುದು ಅಮೆರಿಕದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. 1953ರಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಆರಂಭಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇಂಥವರ ದೊಡ್ಡ ಸಂಘ. ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಮಾಡಿರಬೇಕೆಂಬುದು ಅಲ್ಲಿನ ನಿಯಮ. ಉಳಿದ ಭಾಗಗಳನ್ನು ಕತ್ತರಿಸಿದ ತಗಡು, ರಂಧ್ರ ಕೊರೆದ ತೊಲೆ, ನಕ್ಷೆ ಮುಂತಾದ ಸಾಮಗ್ರಿಗಳ ಕಟ್ಟಾಗಿ ಕೊಳ್ಳಬಹುದು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ವಿನ್ಯಾಸ ಮಾಡಿದ ಆರ್‌ವಿ ಸರಣಿಯ ಲೋಹದ ವಿಮಾನಗಳು ಹೀಗೆ ಕಟ್ಟಲ್ಪಟ್ಟು ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಾರಿವೆ. ಕ್ರಿ-ಕ್ರಿ ಹಗುರತನದ ತುತ್ತತುದಿ. ಹವ್ಯಾಸಿ ಸಾಮಾನ್ಯವಾಗಿ ಕೈಹಾಕುವುದು ಆರ್‌ವಿ-7ರಂಥ ಇಬ್ಬರು ಕೂರುವ ವಿಮಾನಕ್ಕೆ. ಅದರ ಖಾಲಿ ತೂಕ ಸುಮಾರು 500 ಕೆ.ಜಿ., ಗರಿಷ್ಠ ತೂಕ 816 ಕೆ.ಜಿ. ನಮ್ಮ ಲೆಕ್ಕಗಳಿಗೆ ಈ ಎರಡು ವಿಮಾನಗಳು ಸಾಕು.

ಮೊದಲು, ತೂಕ ಹೆಚ್ಚಿದರೆ ಏನು ನಷ್ಟ? ಸಮಮಟ್ಟದ ಹಾರಾಟದಲ್ಲಿ ರೆಕ್ಕೆಯ ಎತ್ತುವ ಬಲ ವಿಮಾನದ ತೂಕಕ್ಕೆ ಸಮ. ಎತ್ತುವ ಬಲ ವೇಗದ ವರ್ಗವನ್ನು ಅವಲಂಬಿಸಿದೆ. ಆದ್ದರಿಂದ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲದಂತೆ ಏರುತ್ತದೆ. ತೂಕ ಶೇಕಡ 5ರಷ್ಟು ಹೆಚ್ಚಿದರೆ ಈ ವೇಗ ಶೇಕಡ 2.5ರಷ್ಟು ಹೆಚ್ಚುತ್ತದೆ. ಇದು ಅಲ್ಪವೆನಿಸಬಹುದು. ಆದರೆ ಮೇಲೇರಲು ಬೇಕಾದ ಓಟದ ದೂರವನ್ನು ನೋಡಿ. ಆ ಹೆಚ್ಚಿನ ವೇಗವನ್ನು ಮುಟ್ಟಬೇಕು, ಹೆಚ್ಚಿನ ದ್ರವ್ಯರಾಶಿಯನ್ನು ಅದೇ ಎಂಜಿನ್ ವೇಗೋತ್ಕರ್ಷಿಸಬೇಕು. ಎರಡೂ ಗುಣಿಸಿಕೊಂಡು ದೂರ ಸುಮಾರು ಶೇಕಡ 10ರಷ್ಟು ಉದ್ದವಾಗುತ್ತದೆ. ರೆಕ್ಕೆ ಎತ್ತುವ ಬಲ ಉಂಟುಮಾಡುವಾಗ ತೆರಬೇಕಾದ ‘ಪ್ರೇರಿತ ಎಳೆತ’ ಕೂಡ, ಒಂದೇ ವೇಗದಲ್ಲಿ, ತೂಕದ ವರ್ಗದಂತೆ ಶೇಕಡ 10ರಷ್ಟು ಏರುತ್ತದೆ.

ಹೆಚ್ಚು ಪೆಟ್ಟು ಬೀಳುವುದು ಏರುವ ದರಕ್ಕೆ. ಏರುವ ದರವೆಂದರೆ ಮಿಕ್ಕ ಸಾಮರ್ಥ್ಯವನ್ನು ತೂಕದಿಂದ ಭಾಗಿಸಿದ್ದು. ಒಂದು ಅಂದಾಜು ಮಾಡೋಣ. ಎಂಜಿನ್ 160 ಅಶ್ವಶಕ್ತಿಯದು, ಪ್ರೊಪೆಲರಿನ ದಕ್ಷತೆ ಶೇಕಡ 75. ಆಗ ಸಿಗುವುದು 89 ಕಿಲೋವ್ಯಾಟ್. 780 ಕೆ.ಜಿ. ತೂಗುವ ವಿಮಾನಕ್ಕೆ ಏರುವ ವೇಗದಲ್ಲಿ ಎಳೆತವನ್ನು ಮೀರಲು 31 ಕಿಲೋವ್ಯಾಟ್ ಬೇಕೆನ್ನಿ. ಮಿಕ್ಕ 58 ಕಿಲೋವ್ಯಾಟ್ ಅದನ್ನು ಸೆಕೆಂಡಿಗೆ ಸುಮಾರು 7.5 ಮೀಟರ್ ದರದಲ್ಲಿ ಮೇಲೆತ್ತುತ್ತದೆ. ಅದೇ ವಿಮಾನ 40 ಕೆ.ಜಿ. ಹೆಚ್ಚು ತೂಗಿದರೆ ಈ ದರ ಸುಮಾರು 7 ಮೀಟರಿಗೆ ಇಳಿಯುತ್ತದೆ. ಇನ್ನು ಬಿಸಿಲಿನ ದಿನ, ಎತ್ತರದ ಊರು, ಗಾಳಿ ತೆಳು, ಎಂಜಿನ್ನಿನಿಂದ 60 ಕಿಲೋವ್ಯಾಟ್ ಮಾತ್ರ ದಕ್ಕುತ್ತಿದೆ ಎಂದುಕೊಳ್ಳಿ. ಆಗ 3.75 ಮೀಟರ್ ಇದ್ದದ್ದು ಸುಮಾರು 3.4 ಆಗುತ್ತದೆ. ಶೇಕಡ 5 ತೂಕಕ್ಕೆ ಶೇಕಡ 10 ನಷ್ಟ. ಓಡುಹಾದಿಯ ಕೊನೆಯಲ್ಲಿ ಮರಗಳ ಸಾಲಿದ್ದರೆ ಈ ಹತ್ತು ಪ್ರತಿಶತ ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಹವ್ಯಾಸಿ ತನ್ನ ಹೆಂಡತಿಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹಾರುವುದು ಇದೇ ವಿಮಾನದಲ್ಲಿ.

ಅಲ್ಯೂಮಿನಿಯಂ ಏಕೆ?

ಶುದ್ಧ ಅಲ್ಯೂಮಿನಿಯಂ ಮೆದು. ಅಡುಗೆ ಪಾತ್ರೆಗೆ ಸರಿ, ರೆಕ್ಕೆಗೆ ಸಲ್ಲದು. ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ 1906ರಲ್ಲಿ ತಾಮ್ರ ಮತ್ತು ಅಲ್ಪ ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ಥಟ್ಟನೆ ತಣಿಸಿದ. ಒಂದೆರಡು ದಿನ ಸುಮ್ಮನೆ ಇಟ್ಟಿದ್ದ ಲೋಹ ತಾನಾಗಿಯೇ ಗಡುಸಾಗಿತ್ತು. ತಾಮ್ರದ ಪರಮಾಣುಗಳು ಹರಳಿನೊಳಗೆ ಅತಿ ಸಣ್ಣ ಗುಂಪುಗಳಾಗಿ ಸೇರಿಕೊಂಡು, ಹರಳಿನ ಪದರಗಳು ಜಾರದಂತೆ ತಡೆಯುವುದೇ ಇದಕ್ಕೆ ಕಾರಣವೆಂದು 1938ರಲ್ಲಿ ಗಿನಿಯೇ ಮತ್ತು ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ಕಿರಣಗಳ ಮೂಲಕ ತೋರಿಸಿದರು. ವಿಲ್ಮ್‌ನ ಡ್ಯೂರಾಲುಮಿನ್ ವಂಶದ 2024 ಎಂಬ ಮಿಶ್ರಲೋಹವನ್ನೇ ಇಂದಿಗೂ ಹವ್ಯಾಸಿ ವಿಮಾನಗಳಲ್ಲಿ ಹೆಚ್ಚಾಗಿ ಬಳಸುತ್ತಾರೆ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 2.78 ಗ್ರಾಂ. ಸುಮಾರು 300 ಮೆಗಾಪ್ಯಾಸ್ಕಲ್ ಪೀಡನದವರೆಗೆ ಅದು ಶಾಶ್ವತವಾಗಿ ವಿರೂಪಗೊಳ್ಳುವುದಿಲ್ಲ.

ಈಗ ಒಂದು ಸ್ವಾರಸ್ಯ. ಯಂಗ್ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ. ಉಕ್ಕಿಗೆ 205 ಗಿಗಾಪ್ಯಾಸ್ಕಲ್, 7.85, ಭಾಗಲಬ್ಧ 26. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ 73 ಮತ್ತು 2.78, ಭಾಗಲಬ್ಧ ಮತ್ತೆ 26! ಟೈಟೇನಿಯಂಗೂ ಹೆಚ್ಚು ಕಡಿಮೆ 25. ಅಂದರೆ ಒಂದೇ ಉದ್ದ, ಒಂದೇ ತೂಕದ ಎರಡು ಸಲಾಕೆಗಳನ್ನು ನೇರವಾಗಿ ಎಳೆದರೆ ಉಕ್ಕಿನದೂ ಅಲ್ಯೂಮಿನಿಯಂನದೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಾಗಾದರೆ ಅಲ್ಯೂಮಿನಿಯಂನಿಂದ ಲಾಭವೇನು?

ಲಾಭವಿರುವುದು ದಪ್ಪದಲ್ಲಿ. ಒಂದೇ ತೂಕದ ತಗಡುಗಳನ್ನು ಹೋಲಿಸಿದರೆ ಅಲ್ಯೂಮಿನಿಯಂನದು ಉಕ್ಕಿನದಕ್ಕಿಂತ 2.8 ಪಟ್ಟು ದಪ್ಪ. ತಗಡು ಬಾಗುವುದಕ್ಕೆ ಒಡ್ಡುವ ಪ್ರತಿರೋಧ ದಪ್ಪದ ಘನವನ್ನು ಅವಲಂಬಿಸಿದೆ. 2.8ರ ಘನ ಸುಮಾರು 22. ಯಂಗ್ ಗುಣಾಂಕ 2.8 ಪಟ್ಟು ಕಡಿಮೆ ಇರುವುದರಿಂದ ಅದರಿಂದ ಭಾಗಿಸಿದರೂ ಉಳಿಯುವುದು 8. ಅಂದರೆ ಅಲ್ಯೂಮಿನಿಯಂ ತಗಡು ಅದೇ ತೂಕದ ಉಕ್ಕಿನ ತಗಡಿಗಿಂತ ಬಾಗುವಿಕೆಯಲ್ಲಿ ಎಂಟು ಪಟ್ಟು ಬಿಗಿ. ವಿಮಾನದ ಹೊದಿಕೆಗೆ ಬೇಕಾದದ್ದು ಈ ಬಿಗಿತನ.

ತಗಡು ಮುರಿಯುವುದಿಲ್ಲ, ಮಡಿಯುತ್ತದೆ

ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಯೊಂದನ್ನು ತರಗತಿಗೆ ಒಯ್ಯಿರಿ. ಅದರ ಗೋಡೆಯ ದಪ್ಪ ಸುಮಾರು 0.1 ಮಿಲಿಮೀಟರ್. ನಜ್ಜುಗುಜ್ಜಾಗದ ಡಬ್ಬಿಯಾದರೆ ತೆಳ್ಳಗಿನ ಹುಡುಗನೊಬ್ಬ ಅದರ ಮೇಲೆ ಜೋಪಾನವಾಗಿ ಒಂಟಿಕಾಲಿನಲ್ಲಿ ನಿಲ್ಲಬಹುದು. ಪಕ್ಕದಲ್ಲಿ ಗೋಡೆಯ ಆಸರೆ ಇರಲಿ. ಈಗ ಇನ್ನೊಬ್ಬ ಉದ್ದನೆಯ ಅಳತೆಪಟ್ಟಿಯಿಂದ ಡಬ್ಬಿಯ ಪಕ್ಕವನ್ನು ತಟ್ಟಲಿ (ಬೆರಳಿನಿಂದ ಬೇಡ, ಜಜ್ಜಿಹೋದೀತು). ಡಬ್ಬಿ ಕ್ಷಣಾರ್ಧದಲ್ಲಿ ಚಪ್ಪಟೆಯಾಗುತ್ತದೆ. ನಾನು ಈ ಪ್ರಯೋಗವನ್ನು ಎಷ್ಟೋ ಸಲ ಮಾಡಿಸಿದ್ದೇನೆ. ಪ್ರತಿ ಸಲವೂ ತರಗತಿ ಎದ್ದು ಕೂರುತ್ತದೆ. ಗಮನಿಸಬೇಕಾದ್ದು: ಲೋಹದ ಬಲ ಎಳ್ಳಷ್ಟೂ ಬದಲಾಗಿಲ್ಲ. ಬದಲಾದದ್ದು ಆಕಾರ. ಒತ್ತಡಕ್ಕೆ ಸಿಕ್ಕ ತೆಳು ಗೋಡೆ ಪಕ್ಕಕ್ಕೆ ಉಬ್ಬಿ ಮಡಿದುಹೋಗುವ ಈ ಕ್ರಿಯೆಗೆ ಎಂಜಿನಿಯರರು ‘ಬಕ್ಲಿಂಗ್’ ಎನ್ನುತ್ತಾರೆ.

ಚಪ್ಪಟೆ ತಗಡಿನ ಒಂದು ಪಟ್ಟಿಯನ್ನು ಅದರ ಸಮತಲದಲ್ಲೇ ಒತ್ತಿದಾಗ ಬಕ್ಲಿಂಗ್ ಆಗುವ ಪೀಡನ ಯಂಗ್ ಗುಣಾಂಕಕ್ಕೂ, (ದಪ್ಪ ÷ ಆಸರೆಗಳ ನಡುವಿನ ಅಗಲ) ಎಂಬುದರ ವರ್ಗಕ್ಕೂ ಅನುಪಾತೀಯ. ಅಂಚುಗಳಿಗೆ ಸಾಧಾರಣ ಆಸರೆಯಿದ್ದರೆ ಅನುಪಾತದ ಸ್ಥಿರಾಂಕ ಸುಮಾರು 3.6. ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು 150 ಮಿ.ಮೀ. ದೂರದ ಎರಡು ಆಸರೆಗಳ ನಡುವೆ ಹಚ್ಚಿದ್ದೇವೆ ಎನ್ನಿ. ಲೆಕ್ಕ ಹಾಕಿದರೆ ಬರುವುದು ಸುಮಾರು 3 ಮೆಗಾಪ್ಯಾಸ್ಕಲ್. ಲೋಹ ತಾಳಬಲ್ಲದ್ದು 300; ತಗಡು ಮಡಿಯುವುದು 3ಕ್ಕೆ. ದುಡ್ಡು ಕೊಟ್ಟು ತಂದ ಬಲದ ನೂರರಲ್ಲಿ ಒಂದು ಭಾಗವಷ್ಟೇ ಬಳಕೆಯಾಯಿತು!

ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ತಗಡಿನ ದಪ್ಪವನ್ನು ಇಮ್ಮಡಿ ಮಾಡಬಹುದು. ಆಗ ಪೀಡನದ ಮಿತಿ ನಾಲ್ಕು ಪಟ್ಟಾಗಿ 12 ಮೆಗಾಪ್ಯಾಸ್ಕಲ್ ಆಗುತ್ತದೆ. ಆದರೆ ಹೊದಿಕೆಯ ತೂಕ ಚದರ ಮೀಟರಿಗೆ 1.4 ಕೆ.ಜಿ. ಇದ್ದದ್ದು 2.8 ಆಗುತ್ತದೆ. ಅಥವಾ ಆಸರೆಗಳ ನಡುವಿನ ಅಂತರವನ್ನು ಅರ್ಧ ಮಾಡಬಹುದು. ಆಗಲೂ ಮಿತಿ ಅದೇ ನಾಲ್ಕು ಪಟ್ಟು. ಹೆಚ್ಚಿದ ತೂಕ ಮಾತ್ರ ನಡುವೆ ಹಾಕಿದ ಒಂದು ಸಣ್ಣ ಪಟ್ಟಿಯದು. ಲೋಹದ ವಿಮಾನದಲ್ಲಿ ತೂಕ ಉಳಿಸುವ ಮುಖ್ಯ ಗುಟ್ಟು ಇದೇ. ಕೊಲೊಂಬಾ ಮಾಡಿದ್ದೂ ಇದನ್ನೇ. ಕ್ರಿ-ಕ್ರಿಯ ರೆಕ್ಕೆಯೊಳಗೆ ಹಗುರ ಪ್ಲಾಸ್ಟಿಕ್ ನೊರೆಯ ಪಕ್ಕೆಲುಬುಗಳನ್ನು ಹತ್ತಿರಹತ್ತಿರ ನಿಲ್ಲಿಸಿ, ಅವುಗಳಿಗೆ ತೆಳುವಾದ ಅಲ್ಯೂಮಿನಿಯಂ ಹೊದಿಕೆಯನ್ನು ಅಂಟಿನಿಂದ ಕೂರಿಸಿದ. ನೊರೆಗೆ ಸ್ವಂತ ಬಲ ಕಡಿಮೆ. ಆದರೆ ತಗಡು ಉಬ್ಬದಂತೆ ಹಿಡಿದಿಡಲು ಹೆಚ್ಚು ಬಲ ಬೇಕಿಲ್ಲ.

ನಮ್ಮ ಹಿರಿಯರಿಗೆ ಈ ಸೂತ್ರ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಅಡಿಕೆ ಹಾಳೆಯ ತಟ್ಟೆಗೆ ಅಂಚನ್ನು ಎತ್ತಿ ಕಟ್ಟುವುದು, ಮೊರದ ಬಾಯಿಗೆ ಬಿದಿರಿನ ದಬ್ಬೆ ಸುತ್ತುವುದು, ಪಾತ್ರೆಯ ಕಂಠವನ್ನು ಹೊರಕ್ಕೆ ಸುರುಳಿಸುವುದು, ಚಾವಣಿಯ ತಗಡಿಗೆ ಅಲೆಯಾಕಾರ ಕೊಡುವುದು, ಎಲ್ಲವೂ ತೆಳು ಹಾಳೆಗೆ ಆಕಾರದಿಂದ ಬಿಗಿ ತರುವ ಉಪಾಯಗಳೇ. 1919ರ ಜರ್ಮನಿಯ ಯುಂಕರ್ಸ್ ಎಫ್-13 ವಿಮಾನದ ಡ್ಯೂರಾಲುಮಿನ್ ಮೈಯೂ ನಮ್ಮ ತಗಡಿನ ಚಾವಣಿಯಂತೆ ಅಲೆಅಲೆಯಾಗಿತ್ತು.

ಇನ್ನೂ ವಿಸ್ಮಯದ ಸಂಗತಿಯೆಂದರೆ, ಬಕ್ಲಿಂಗ್ ಆದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಗಟ್ಟಿ ಚೌಕಟ್ಟಿಗೆ ಬಿಗಿದ ತೆಳು ತಗಡನ್ನು ಕತ್ತರಿಯಂತೆ ಓರೆಗೆ ತಳ್ಳಿದಾಗ ಅದು ಕರ್ಣದ ದಿಕ್ಕಿನಲ್ಲಿ ಸುಕ್ಕುಗಟ್ಟುತ್ತದೆ. ಆದರೆ ಆ ಸುಕ್ಕುಗಳ ಉದ್ದಕ್ಕೂ ತಗಡು ಬಿಗಿದ ತಂತಿಗಳ ಸಾಲಿನಂತೆ ಎಳೆತವನ್ನು ಹೊರುತ್ತದೆ. ಮಡಿದ ಮೇಲೂ ಹಲವು ಪಟ್ಟು ಹೆಚ್ಚು ಹೊರೆಯನ್ನು ತಾಳುತ್ತದೆ. ಹರ್ಬರ್ಟ್ ವಾಗ್ನರ್ ಈ ಸಿದ್ಧಾಂತವನ್ನು 1929ರಲ್ಲಿ ಪ್ರಕಟಿಸಿದ ಮೇಲೆ ವಿಮಾನ ತಯಾರಕರು ಸುಕ್ಕಿಗೆ ಹೆದರುವುದನ್ನು ಬಿಟ್ಟರು. ನೆಲದ ಮೇಲೆ ನಿಂತ ಬಿ-52 ಬಾಂಬರ್ ವಿಮಾನದ ಪಕ್ಕಗಳಲ್ಲಿ ಸುಕ್ಕುಗಳು ಬರಿಗಣ್ಣಿಗೇ ಕಾಣುತ್ತವೆ. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಅಲ್ಲಿನ ಲೋಹದ ವಿಮಾನಗಳ ಮೈಯನ್ನು ನೇರವಾಗಿ ನೋಡದೆ ಓರೆಯಾಗಿ, ಬೆಳಕಿಗೆ ಎದುರಾಗಿ ನೋಡಲು ಹೇಳಲಿ. ರಿವೆಟ್ ಸಾಲುಗಳು ಒಳಗಿನ ಪಕ್ಕೆಲುಬುಗಳ ನಕ್ಷೆಯನ್ನೇ ಬಿಡಿಸಿ ತೋರಿಸುತ್ತವೆ.

ರಂಧ್ರ ಎಲ್ಲಿ, ಎಲ್ಲಿ ಬೇಡ

ರೆಕ್ಕೆಯ ಹೊರೆಯನ್ನು ಬಹುಪಾಲು ಹೊರುವುದು ಅದರೊಳಗಿನ ಉದ್ದನೆಯ ತೊಲೆ. ವಿಮಾನದವರ ಮಾತಿನಲ್ಲಿ ‘ಸ್ಪಾರ್’. ತೊಲೆ ಬಾಗುವಾಗ ಮೇಲಂಚು ಒತ್ತಲ್ಪಡುತ್ತದೆ, ಕೆಳಗಿನಂಚು ಎಳೆಯಲ್ಪಡುತ್ತದೆ, ನಡುವೆ ಪೀಡನ ಸೊನ್ನೆ. ಆದ್ದರಿಂದ ಲೋಹವನ್ನು ಮೇಲೆ ಮತ್ತು ಕೆಳಗೆ ದಪ್ಪ ಪಟ್ಟಿಗಳಾಗಿ ಇಟ್ಟು ನಡುವೆ ತೆಳು ತಗಡು ಹಾಕಿದರೆ ಸಾಕು. ರೆಕ್ಕೆಯ ಮೇಲೆ ಹೊರೆ ಸಮವಾಗಿ ಹರಡಿದೆ ಎಂದುಕೊಂಡರೆ, ಬಾಗಿಸುವ ಪರಿಣಾಮ ತುದಿಯಿಂದ ಅಳೆದ ದೂರದ ವರ್ಗದಂತೆ ಬೆಳೆಯುತ್ತದೆ. ಅರ್ಧ ರೆಕ್ಕೆಯ ಬಳಿ ಅದು ಬುಡದಲ್ಲಿರುವುದರ ಕಾಲು ಭಾಗ ಮಾತ್ರ. ಹೀಗಾಗಿ ಪಟ್ಟಿಗಳು ತುದಿಯತ್ತ ಸಣ್ಣದಾಗುತ್ತ ಹೋಗುತ್ತವೆ. ತೊಲೆ ಎತ್ತರವಾದಷ್ಟೂ ಪಟ್ಟಿಗಳ ಮೇಲಿನ ಬಲ ಕಡಿಮೆ. ಕ್ರಿ-ಕ್ರಿಯ ರೆಕ್ಕೆ ಅಷ್ಟು ದಪ್ಪನಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಪಕ್ಕೆಲುಬುಗಳ ಕೆಲಸ ಬೇರೆ. ಅವು ರೆಕ್ಕೆಗೆ ಆಕಾರ ಕೊಡುತ್ತವೆ, ಹೊದಿಕೆಯನ್ನು ಹಿಡಿದಿಡುತ್ತವೆ. ಹೊರೆ ಹಗುರ. ಆದ್ದರಿಂದ ಅವುಗಳಲ್ಲಿ ದುಂಡಗಿನ ದೊಡ್ಡ ರಂಧ್ರಗಳನ್ನು ಕೊರೆದು ಅಂಚನ್ನು ಬಟ್ಟಲಿನಂತೆ ಮಡಿಸುತ್ತಾರೆ. ಅರ್ಧ ಮಿ.ಮೀ. ದಪ್ಪದ ತಗಡಿನಲ್ಲಿ 50 ಮಿ.ಮೀ. ವ್ಯಾಸದ ಒಂದು ರಂಧ್ರದಿಂದ ಉಳಿಯುವುದು 2.7 ಗ್ರಾಂ. ಎರಡು ರೆಕ್ಕೆಗಳಿಗೆ ಇಪ್ಪತ್ತಾರು ಪಕ್ಕೆಲುಬು, ತಲಾ ಐದು ರಂಧ್ರವೆಂದರೂ ಒಟ್ಟು ಸುಮಾರು 350 ಗ್ರಾಂ. ಮಡಿಸಿದ ಅಂಚಿನಿಂದ ಪಕ್ಕೆಲುಬು ಮೊದಲಿಗಿಂತ ಬಿಗಿಯೂ ಆಗುತ್ತದೆ.

ಇದನ್ನು ಕಂಡ ಹೊಸಬನಿಗೆ ತಾನೂ ಇನ್ನಷ್ಟು ರಂಧ್ರ ಕೊರೆಯುವ ಆಸೆ ಹುಟ್ಟುವುದು ಸಹಜ. ಇಲ್ಲಿಯೇ ಅಪಾಯವಿರುವುದು. ಎಳೆತಕ್ಕೆ ಸಿಕ್ಕ ಅಗಲ ತಗಡಿನಲ್ಲಿ ಒಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ. ಕಿರ್ಶ್ ಇದನ್ನು 1898ರಲ್ಲೇ ಗಣಿತದಿಂದ ತೋರಿಸಿದ. ಆಶ್ಚರ್ಯವೆಂದರೆ ರಂಧ್ರ ಎಷ್ಟೇ ಚಿಕ್ಕದಾದರೂ ಈ ಮೂರು ಬದಲಾಗುವುದಿಲ್ಲ. ತೊಲೆಯ ಕೆಳಪಟ್ಟಿಯಲ್ಲಿ ತಂತಿ ಹಾಯಿಸಲೆಂದು ಕೊರೆದ ಒಂದು ರಂಧ್ರ ಮೊದಲ ಹಾರಾಟದಲ್ಲಿ ಏನೂ ಮಾಡದಿರಬಹುದು. ಆದರೆ ಪ್ರತಿ ಹಾರಾಟದಲ್ಲಿ, ಪ್ರತಿ ಗಾಳಿಯ ಕುಲುಕಾಟದಲ್ಲಿ ಪೀಡನ ಏರಿಳಿದು ಲೋಹ ದಣಿಯುತ್ತದೆ. ಕೂದಲೆಳೆಯಂಥ ಬಿರುಕು ಆ ಅಂಚಿನಿಂದಲೇ ಹೊರಡುತ್ತದೆ. ವಿನ್ಯಾಸಕ ತೋರಿಸದ ಕಡೆ ರಚನೆಗೆ ರಂಧ್ರ ಬೇಡ, ಹೇಳಿದ್ದಕ್ಕಿಂತ ತೆಳು ತಗಡೂ ಬೇಡ.

ರಿವೆಟ್‌ಗಳ ವಿಷಯವೂ ಅಷ್ಟೆ. ಇಂಥ ವಿಮಾನದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ರಿವೆಟ್‌ಗಳಿರುತ್ತವೆ. ‘ಒಂದು ಬಿಟ್ಟು ಒಂದು ಹೊಡೆದರೆ?’ ಎಂದು ಕೇಳುವವರಿದ್ದಾರೆ. ಸಣ್ಣ ಅಲ್ಯೂಮಿನಿಯಂ ರಿವೆಟ್ಟಿನ ತೂಕ ಗ್ರಾಮಿನ ಹತ್ತನೇ ಒಂದು ಭಾಗದಷ್ಟು, ಸ್ವಲ್ಪ ದಪ್ಪನೆಯದು ಕಾಲು ಗ್ರಾಂ. ಎಲ್ಲ ಸೇರಿದರೂ ಎರಡು ಕಿಲೋ ದಾಟುವುದು ಕಷ್ಟ. ಅರ್ಧ ಬಿಟ್ಟರೆ ಉಳಿಯುವುದು ಒಂದು ಕಿಲೋಗೂ ಕಡಿಮೆ. ಆದರೆ ಎರಡು ರಿವೆಟ್‌ಗಳ ನಡುವಿನ ಅಂತರ ಇಮ್ಮಡಿಯಾಗಿ, ಮೇಲೆ ಹೇಳಿದ ಸೂತ್ರದಂತೆ, ಅಲ್ಲಿ ತಗಡು ಕಾಲು ಭಾಗದ ಪೀಡನಕ್ಕೇ ಉಬ್ಬುತ್ತದೆ.

ಹವ್ಯಾಸಿ ನಿಜವಾಗಿ ಉಳಿಸಬಹುದಾದದ್ದು

ಹಾಗಾದರೆ ಹವ್ಯಾಸಿಗೆ ಉಳಿದಿರುವುದೇನು? ರಚನೆಯನ್ನು ವಿನ್ಯಾಸಕ ಆಗಲೇ ಸವರಿ ಇಟ್ಟಿದ್ದಾನೆ. ಒಂದೇ ನಕ್ಷೆಯಿಂದ ಕಟ್ಟಿದ ಎರಡು ವಿಮಾನಗಳ ತೂಕದಲ್ಲಿ ಹತ್ತಾರು ಕಿಲೋ ವ್ಯತ್ಯಾಸ ಬರುವುದು ರಚನೆಯಿಂದಲ್ಲ, ಅದರ ಮೇಲೆ ಏನೇನು ಹೇರಿದರು ಎಂಬುದರಿಂದ.

ಬಣ್ಣವನ್ನೇ ತೆಗೆದುಕೊಳ್ಳಿ. ಎರಡಾಸನದ ವಿಮಾನದ ಹೊರಮೈ ಸುಮಾರು 40 ಚದರ ಮೀಟರ್ ಎನ್ನೋಣ. ಒಣಗಿದ ಬಣ್ಣದ ಪದರ 0.1 ಮಿ.ಮೀ. ಇದ್ದರೆ ಅದರ ಗಾತ್ರ 4 ಲೀಟರ್, ಸಾಂದ್ರತೆ 1.4 ಎಂದರೆ 5.6 ಕೆ.ಜಿ. ‘ಇನ್ನೊಂದು ಕೈ ಹೊಡೆಯೋಣ, ಮೇಲೆ ಪಟ್ಟೆ ಬರೆಯೋಣ, ರಿವೆಟ್ ಗುಳಿಗಳನ್ನು ಮೆತ್ತಿ ನುಣುಪು ಮಾಡೋಣ’ ಎಂದು ಪದರ 0.2 ಮಿ.ಮೀ. ಆದರೆ 11 ಕೆ.ಜಿ. ಬಣ್ಣವನ್ನೇ ಹಚ್ಚದೆ ಲೋಹವನ್ನು ತಿಕ್ಕಿ ಹೊಳಪಿಸುವವರೂ ಇದ್ದಾರೆ. ಬಳಸುವ ತಗಡಿನ ಎರಡೂ ಮೈಗಳಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುವುದರಿಂದ ಒಣ ಹವೆಯಲ್ಲಿ ಅದು ತುಕ್ಕಿಗೆ ತಡೆಯಾಗುತ್ತದೆ. ಕಡಲ ದಂಡೆಯ ಊರಿನಲ್ಲಿ ಈ ಉಳಿತಾಯ ಮಾಡಬಾರದು.

ಬ್ಯಾಟರಿಯಲ್ಲಿಯೂ ಉಳಿತಾಯವಿದೆ. ಇಂಥ ವಿಮಾನಗಳಿಗೆ ಹಾಕುವ ಸೀಸ-ಆಮ್ಲ ಬ್ಯಾಟರಿ ಸುಮಾರು 7 ಕೆ.ಜಿ., ಅದೇ ಕೆಲಸ ಮಾಡುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಸುಮಾರು 2 ಕೆ.ಜಿ. ಆದರೆ ಎರಡನೆಯದಕ್ಕೆ ಅತಿಯಾಗಿ ವಿದ್ಯುತ್ ತುಂಬದಂತೆ ಕಾಯುವ ಮಂಡಲ ಬೇಕೇ ಬೇಕು. ಬ್ಯಾಟರಿಯನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಎಂಜಿನ್ನನ್ನು ಚಾಲೂ ಮಾಡಲು ನೂರಾರು ಆಂಪಿಯರ್ ಹರಿಯಬೇಕು. ಅದಕ್ಕೆ ಸುಮಾರು 34 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿ ಬೇಕು. ಬ್ಯಾಟರಿ ಬಾಲದ ಕಡೆ ಇದ್ದು ಮೂರು ಮೀಟರ್ ತಂತಿ ಎಳೆದರೆ ತಾಮ್ರವೇ 900 ಗ್ರಾಂ. ಇದಲ್ಲದೆ ಚರ್ಮದ ಆಸನ, ನೆಲಹಾಸು, ಸದ್ದು ತಡೆಯುವ ಪದರ, ಎರಡನೆಯ ರೇಡಿಯೋ, ಬೇಕಾದ್ದಕ್ಕಿಂತ ಉದ್ದವಾದ ಬೋಲ್ಟುಗಳು. ಪ್ರತಿಯೊಂದನ್ನೂ ‘ಅರ್ಧ ಕಿಲೋ ತಾನೆ’ ಎಂದೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಅನುಭವಿಗಳು ಅಡುಗೆಮನೆಯ ತಕ್ಕಡಿಯೊಂದನ್ನು ಶೆಡ್ಡಿನಲ್ಲಿಟ್ಟುಕೊಂಡು, ಒಳಹೋಗುವ ಪ್ರತಿಯೊಂದು ವಸ್ತುವನ್ನೂ ತೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಪುಸ್ತಕ ಯಾವ ದುಬಾರಿ ಟೈಟೇನಿಯಂ ಬೋಲ್ಟಿಗಿಂತಲೂ ಹೆಚ್ಚು ತೂಕ ಉಳಿಸುತ್ತದೆ.

ಉಳಿಸಿದ ತೂಕ ಎಲ್ಲಿಗೆ ಹೋಗುತ್ತದೆ ನೋಡಿ. ಆರ್‌ವಿ-7ರಲ್ಲಿ 816ರಿಂದ 500 ಕಳೆದರೆ 316 ಕೆ.ಜಿ. ತಲಾ 80 ಕೆ.ಜಿ.ಯ ಇಬ್ಬರಿಗೆ 160, ತುಂಬಿದ ಟ್ಯಾಂಕಿನ ಸುಮಾರು 160 ಲೀಟರ್ ಪೆಟ್ರೋಲಿಗೆ 115. ಉಳಿದದ್ದು 41 ಕೆ.ಜಿ. ಸಾಮಾನಿಗೆ. ಖಾಲಿ ತೂಕ 540 ಆಗಿಬಿಟ್ಟರೆ ಇಬ್ಬರೂ ಕೂತು ಟ್ಯಾಂಕ್ ತುಂಬಿಸಿದ ಮೇಲೆ ಒಂದು ಕೈಚೀಲಕ್ಕೂ ಜಾಗವಿಲ್ಲ. ಆಗ ಕೆಲವರು ಹಿಡಿಯುವ ಅಡ್ಡದಾರಿಯೊಂದಿದೆ. ಅಮೆರಿಕದ ನಿಯಮದಂತೆ ಹವ್ಯಾಸಿಯೇ ತನ್ನ ವಿಮಾನದ ‘ತಯಾರಕ’. ಗರಿಷ್ಠ ತೂಕವನ್ನು ದಾಖಲೆಯಲ್ಲಿ ಬರೆಯುವವನೂ ಅವನೇ. 816 ಇದ್ದಲ್ಲಿ 860 ಎಂದು ಬರೆದರೆ ಕಾಗದದ ಮೇಲೆ ಸಮಸ್ಯೆ ಪರಿಹಾರ! ತೊಲೆ ಮಾತ್ರ ಆ ಕಾಗದವನ್ನು ಓದಿಲ್ಲ. ಆರ್‌ವಿ-7ರಲ್ಲಿ ಗುರುತ್ವದ ಆರು ಪಟ್ಟಿನವರೆಗಿನ ಆಕಾಶದಾಟಗಳಿಗೆ ಅನುಮತಿ ಇರುವುದು 726 ಕೆ.ಜಿ.ಯವರೆಗೆ ಮಾತ್ರ. ಏಕೆಂದರೆ ರೆಕ್ಕೆ ಹೊರುವುದು ತೂಕವನ್ನಲ್ಲ. ತೂಕವನ್ನು ಆ ಪಟ್ಟಿನಿಂದ ಗುಣಿಸಿದ್ದನ್ನು. ವಿಮಾನಗಳ ರಚನೆಗೆ ರೂಢಿಯಲ್ಲಿ ಇಡುವ ರಕ್ಷಣಾಂಕ 1.5 ಮಾತ್ರ. ಸೇತುವೆ, ಕಟ್ಟಡಗಳ ಹಾಗೆ ಧಾರಾಳವಾಗಿ ಇಟ್ಟರೆ ವಿಮಾನ ಹಾರುವುದೇ ಇಲ್ಲ. ಕಾಗದದಲ್ಲಿ ಏರಿಸಿದ ಪ್ರತಿ ಕಿಲೋ ಆ 1.5ರಿಂದಲೇ ಕಳೆಯುತ್ತದೆ.

ತೂಕ ಎಲ್ಲಿದೆ?

ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬ ಪ್ರಶ್ನೆಯೂ ಇದೆ. ಲೋಹದ ಪ್ರೊಪೆಲರಿನ ಬದಲು ಮರದ್ದನ್ನು ಹಾಕಿ 10 ಕೆ.ಜಿ. ಉಳಿಸಿದಿರಿ ಎನ್ನಿ. ಪ್ರೊಪೆಲರ್ ಗುರುತ್ವ ಕೇಂದ್ರಕ್ಕಿಂತ ಸುಮಾರು 1.9 ಮೀಟರ್ ಮುಂದಿದೆ. ಹತ್ತನ್ನು 1.9ರಿಂದ ಗುಣಿಸಿ ವಿಮಾನದ ತೂಕ 740ರಿಂದ ಭಾಗಿಸಿದರೆ, ಗುರುತ್ವ ಕೇಂದ್ರ 2.6 ಸೆಂಟಿಮೀಟರ್ ಹಿಂದೆ ಸರಿಯಿತು. ಇಂಥ ವಿಮಾನದಲ್ಲಿ ಗುರುತ್ವ ಕೇಂದ್ರ ಓಡಾಡಬಹುದಾದ ಜಾಗ ಒಟ್ಟು ಸುಮಾರು 20 ಸೆಂ.ಮೀ. ಅಷ್ಟೆ. ಅದು ಹಿಂದಿನ ಮಿತಿಯನ್ನು ದಾಟಿದರೆ ವಿಮಾನ ಗಾಳಿಯ ಅಲುಗಾಟದಿಂದ ತಾನಾಗಿ ಚೇತರಿಸಿಕೊಳ್ಳುವುದಿಲ್ಲ. ಮೂತಿ ಎತ್ತಿದರೆ ಎತ್ತುತ್ತಲೇ ಹೋಗುತ್ತದೆ. ಹಿಂದಿನ ಜಾಗದಲ್ಲಿ ಸಾಮಾನು ಇಡುವಂತಿಲ್ಲ. ಕೊನೆಗೆ ಮೂತಿಯಲ್ಲಿ ಸೀಸದ ತುಂಡು ಕಟ್ಟಿಕೊಂಡು ಹಾರಿದವರೂ ಇದ್ದಾರೆ. ಆದ್ದರಿಂದ ಬಾಲದ ಕಡೆಯ ತೂಕವನ್ನು ಮೊದಲು ಇಳಿಸಬೇಕು. ಬಾಲದಲ್ಲಿ ಉಳಿಸಿದ ಒಂದು ಕಿಲೋ ಮೂತಿಯಲ್ಲಿ ಹೇರಬೇಕಾಗಿದ್ದ ಎರಡು ಮೂರು ಕಿಲೋಗಳನ್ನೂ ಉಳಿಸಬಹುದು.

ಸೀಸದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಗ್ರಾಂ ಗ್ರಾಂ ಉಳಿಸಿದ ಈ ವಿಮಾನಗಳಲ್ಲಿ ವಿನ್ಯಾಸಕರೇ ಬೇಕೆಂದು ಸೀಸ ಇಟ್ಟಿರುವ ಜಾಗವೊಂದಿದೆ. ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಎಂಬ ಹಲಗೆಯ ಮುಂದಿನ ಮೂಲೆಯಲ್ಲಿ, ಕೀಲಿಗಿಂತ ಮುಂದೆ, ಸೀಸದ ಗಟ್ಟಿಯನ್ನು ಬಿಗಿದಿರುತ್ತಾರೆ. ಹಲಗೆಯ ಹೆಚ್ಚಿನ ತೂಕ ಕೀಲಿನ ಹಿಂದೆ ಇದ್ದರೆ ವೇಗ ಹೆಚ್ಚಿದಾಗ ಗಾಳಿಯಿಂದ ಶಕ್ತಿ ಹೀರಿ ಅದು ಪಟಪಟನೆ ಕಂಪಿಸತೊಡಗುತ್ತದೆ. ಕಂಪನದ ಪಾರ ನೋಡನೋಡುತ್ತಿದ್ದಂತೆ ಏರಿ ಬಾಲ ಕಿತ್ತುಹೋಗಬಹುದು. ‘ಫ್ಲಟರ್’ ಎಂಬ ಈ ಪಿಡುಗಿಗೆ ಸೀಸವೇ ಮದ್ದು. ಹಾಗಾಗಿ ಅದನ್ನು ಕೆರೆದು ತೂಕ ಉಳಿಸುವಂತಿಲ್ಲ. ಇಷ್ಟೇ ಅಲ್ಲ, ಎಲಿವೇಟರಿನ ಮೈ ಬಹುಪಾಲು ಕೀಲಿನ ಹಿಂದೆ ಇರುವುದರಿಂದ ಅದಕ್ಕೆ ಹಚ್ಚಿದ ಬಣ್ಣವೂ ಹಿಂದಿನ ತೂಕವೇ. ಆದ್ದರಿಂದ ಬಣ್ಣ ಒಣಗಿದ ಮೇಲೆ ಎಲಿವೇಟರನ್ನು ಕಳಚಿ, ಕೀಲುಗಳ ಮೇಲೆ ಸಡಿಲವಾಗಿ ತೂಗುಹಾಕಿ ನೋಡುತ್ತಾರೆ. ಹಿಂದಿನ ಅಂಚು ಕೆಳಗೆ ವಾಲಿದರೆ ಮುಂದೆ ಇನ್ನಷ್ಟು ಸೀಸ ಸೇರಿಸಬೇಕು. ಅನಂತರ ವಿಮಾನವನ್ನು ಮೂರು ಚಕ್ರಗಳಡಿ ಮೂರು ತಕ್ಕಡಿಗಳಿಟ್ಟು ಮತ್ತೊಮ್ಮೆ ತೂಗಿ, ಬಣ್ಣಕ್ಕೆ ಮೊದಲು ಬರೆದಿದ್ದ ಅಂಕಿಯನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಾರೆ.